ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ತರಬೇತಿ: ಪ್ಯೂಪಿಲೇಜ್ ಅರ್ಜಿಯಿಂದ ಸಂದರ್ಶನದವರೆಗೆ

ಪ್ಯೂಪಿಲೇಜ್, ಅಂದರೆ ಬ್ಯಾರಿಸ್ಟರ್ (ಕೋರ್ಟಿನಲ್ಲಿ ವಾದಿಸುವುದನ್ನೇ ವೃತ್ತಿಯಾಗಿಸಿಕೊಂಡ ವಕೀಲ) ಆಗುವ ಮುನ್ನಿನ ಕೊನೆಯ ಪ್ರಾಯೋಗಿಕ ತರಬೇತಿ, ಶುರುವಾಗಿ ಆರು ತಿಂಗಳು ಕಳೆದರೆ ತರಬೇತಿಯಲ್ಲಿರುವವರು ಒಬ್ಬರೇ ಕೋರ್ಟಿಗೆ ಹೋಗಿ ಕಕ್ಷಿದಾರರ ಪರ ವಾದಿಸಬಹುದು. ಹಿಂದಿನ ಸಂಜೆ ಕೈಸೇರಿದ ಕಡತ, ಬೆಳಿಗ್ಗೆ ಎಂದೂ ನೋಡದ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟ್, ಪಕ್ಕದಲ್ಲಿ ಹಿರಿಯರು ಯಾರೂ ಇಲ್ಲ. ಸಂದರ್ಶನದ ಮೇಜಿನಾಚೆ ಕೂತವರ ತಲೆಯಲ್ಲಿ ಇರುವುದು ಈ ಬೆಳಿಗ್ಗೆಯೇ. ಇವರನ್ನು ನಂಬಿ ಅಲ್ಲಿಗೆ ಕಳಿಸಬಹುದೇ ಎಂಬುದಷ್ಟೇ ಅವರ ಪ್ರಶ್ನೆ. ಅರ್ಜಿಯ ಪ್ರತಿ ಸಾಲನ್ನೂ ಸಂದರ್ಶನದ ಪ್ರತಿ ಉತ್ತರವನ್ನೂ ಈ ಪ್ರಶ್ನೆಗೆ ಕೊಡುವ ಉತ್ತರವೆಂದು ತಿಳಿದು ಸಿದ್ಧಮಾಡಿಕೊಂಡರೆ, ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಬಹುಮಟ್ಟಿಗೆ ಕರಗುತ್ತದೆ.

ಇಲ್ಲಿ ಹೇಳಿರುವುದು ಇಂಗ್ಲೆಂಡ್ ಮತ್ತು ವೇಲ್ಸ್ ವ್ಯವಸ್ಥೆಯ ಬಗ್ಗೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ದಾರಿಗಳು ಬೇರೆ.

ಮೊದಲು ಅರ್ಹತೆಯ ಲೆಕ್ಕ

ಬ್ಯಾರಿಸ್ಟರ್ ಆಗಲು ಮೂರು ಘಟ್ಟಗಳಿವೆ. ಶೈಕ್ಷಣಿಕ ಘಟ್ಟದಲ್ಲಿ ಕಾನೂನು ಪದವಿ, ಅಥವಾ ಬೇರೆ ಪದವಿಯ ಮೇಲೆ ಒಂದು ವರ್ಷದ ಪರಿವರ್ತನಾ ಕೋರ್ಸ್. ಎರಡನೆಯದು ಬಾರ್ ಕೋರ್ಸ್, ಅಂದರೆ ವಕೀಲಿಯ ಕೌಶಲ ಕಲಿಸುವ ವೃತ್ತಿ ಕೋರ್ಸ್. ಮೂರನೆಯದು ಹನ್ನೆರಡು ತಿಂಗಳ ಪ್ಯೂಪಿಲೇಜ್: ಮೊದಲ ಆರು ತಿಂಗಳು ಮೇಲ್ವಿಚಾರಕರ ಜೊತೆಗಿದ್ದು ಕಡತ ಓದುವುದು, ಕರಡು ಬರೆಯುವುದು, ಕೋರ್ಟಿನಲ್ಲಿ ಹಿಂದೆ ಕೂತು ಟಿಪ್ಪಣಿ ಮಾಡುವುದು, ಉಳಿದ ಆರು ತಿಂಗಳು ತಾತ್ಕಾಲಿಕ ಪರವಾನಗಿಯ ಮೇಲೆ ಸ್ವಂತ ಕೆಲಸ. ಇಡೀ ವ್ಯವಸ್ಥೆಯ ನಿಯಂತ್ರಣ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಕೈಯಲ್ಲಿದೆ. ಬಾರ್ ಕೋರ್ಸ್ ಮುಗಿದ ಐದು ವರ್ಷಗಳೊಳಗೆ ಪ್ಯೂಪಿಲೇಜ್ ಆರಂಭಿಸಬೇಕೆಂಬುದು ಸಾಮಾನ್ಯ ನಿಯಮ. ಆದ್ದರಿಂದ ಕೋರ್ಸಿಗೆ ಯಾವಾಗ ಸೇರುತ್ತೀರಿ ಎನ್ನುವುದೂ ತಂತ್ರದ ಭಾಗ. ಹಲವರು ಪ್ಯೂಪಿಲೇಜ್ ಕೈಗೆ ಬಂದ ಮೇಲೆಯೇ ಕೋರ್ಸಿನ ಶುಲ್ಕ ಕಟ್ಟುತ್ತಾರೆ. ಹತ್ತು ಸಾವಿರ ಪೌಂಡಿಗಿಂತ ಬಹಳ ಮೇಲಿರುವ ಆ ಮೊತ್ತ ನೋಡಿದರೆ ಅದು ಜಾಣತನದ ನಡೆ.

ಕರ್ನಾಟಕದಿಂದ ಹೊರಡುವವರು ಮುಗ್ಗರಿಸುವುದು ಬಹುಪಾಲು ಇಲ್ಲಿಯೇ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಪದವಿ ಇರಲಿ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜಿನದಿರಲಿ, ಭಾರತದ ಎಲ್‌ಎಲ್‌ಬಿ ತನ್ನಷ್ಟಕ್ಕೇ ಶೈಕ್ಷಣಿಕ ಘಟ್ಟವನ್ನು ಪೂರೈಸುವುದಿಲ್ಲ. ಲಂಡನ್ನಿನಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮಾಡಿದರೆ ಆ ಕೊರತೆ ನೀಗುತ್ತದೆ ಎಂದುಕೊಂಡು ಸಾಲ ಮಾಡಿ ಹೋಗುವವರಿದ್ದಾರೆ, ನೀಗುವುದಿಲ್ಲ. ಕರಾರು, ಟಾರ್ಟ್, ಅಪರಾಧ, ಸಾರ್ವಜನಿಕ ಕಾನೂನು, ಭೂಮಿ, ಈಕ್ವಿಟಿ ಮತ್ತು ಟ್ರಸ್ಟ್, ಐರೋಪ್ಯ ಒಕ್ಕೂಟದ ಕಾನೂನು ಎಂಬ ಏಳು ಮೂಲ ವಿಷಯಗಳನ್ನು ಇಂಗ್ಲಿಷ್ ಕಾನೂನಿನ ಪ್ರಕಾರ ಓದಿರಬೇಕು. ಅದಕ್ಕೆ ಪರಿವರ್ತನಾ ಕೋರ್ಸೋ ಪದವೀಧರರಿಗೆಂದೇ ಇರುವ ಎರಡು ವರ್ಷದ ಸೀನಿಯರ್ ಸ್ಟೇಟಸ್ ಎಲ್‌ಎಲ್‌ಬಿಯೋ ಬೇಕಾಗುತ್ತದೆ. ಈಗಾಗಲೇ ಭಾರತದಲ್ಲಿ ಸನ್ನದು ಪಡೆದು ವಕೀಲಿ ಮಾಡುತ್ತಿರುವವರಿಗೆ ಇನ್ನೊಂದು ಬಾಗಿಲಿದೆ: ವರ್ಗಾವಣೆಯ ವಕೀಲರೆಂದು ಬೋರ್ಡಿಗೆ ನೇರವಾಗಿ ಅರ್ಜಿ ಹಾಕಿ, ಅನುಭವಕ್ಕೆ ತಕ್ಕ ವಿನಾಯಿತಿ ಕೇಳಬಹುದು. ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತವರು ಇದನ್ನು ವಿಚಾರಿಸದೆ ಮೊದಲಿಂದ ಓದಲು ಹೊರಡಬಾರದು. ಬಾರ್ ಕೋರ್ಸಿಗೆ ಇಂಗ್ಲಿಷ್ ಭಾಷೆಯ ಮಟ್ಟವೂ ಬಿಗಿ. ಐಇಎಲ್‌ಟಿಎಸ್ ಬರೆಯುವುದಾದರೆ ನಾಲ್ಕೂ ಭಾಗಗಳಲ್ಲಿ ತಲಾ 7.5 ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಬರವಣಿಗೆಯ ಭಾಗದಲ್ಲಿ ಜಾರುವವರೇ ಹೆಚ್ಚು.

ವೀಸಾ ಬಗ್ಗೆ ಎರಡು ಮಾತು. ಚೇಂಬರ್ಸ್ ಎಂದರೆ ಕಚೇರಿ ಹಂಚಿಕೊಂಡು ಕೆಲಸ ಮಾಡುವ, ಪ್ಯೂಪಿಲೇಜ್ ಕೊಡುವ ಬ್ಯಾರಿಸ್ಟರ್‌ಗಳ ಕೂಟ. ಅದರಲ್ಲಿ ಒಬ್ಬೊಬ್ಬರೂ ಸ್ವತಂತ್ರ ವೃತ್ತಿಯವರು, ಕಂಪನಿಯ ನೌಕರರಲ್ಲ. ಹಾಗಾಗಿ ಪ್ಯೂಪಿಲೇಜ್ ಅವಧಿಗೆ ಅಲ್ಲಿನ ಬ್ಯಾರಿಸ್ಟರ್‌ಗಳ ಪ್ರತಿನಿಧಿ ಸಂಸ್ಥೆಯಾದ ಬಾರ್ ಕೌನ್ಸಿಲ್ ತಾನೇ ಪ್ರಾಯೋಜಕನಾಗಿ ನಿಂತು ತಾತ್ಕಾಲಿಕ ವೀಸಾದ ಯೋಜನೆಯೊಂದನ್ನು ನಡೆಸುತ್ತದೆ. ತರಬೇತಿ ಮುಗಿದು ಟೆನೆನ್ಸಿ, ಅಂದರೆ ಚೇಂಬರ್ಸಿನ ಕಾಯಂ ಸದಸ್ಯತ್ವ ಸಿಕ್ಕ ಮೇಲೆ ಯಾವ ವೀಸಾದಲ್ಲಿ ಉಳಿಯುವುದು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಆಫರ್ ಒಪ್ಪುವ ಮೊದಲೇ ಚೇಂಬರ್ಸಿನವರ ಬಳಿ ಬಾಯಿಬಿಟ್ಟು ಕೇಳಬೇಕು.

ವರ್ಷದ ಪಂಚಾಂಗ

ತಾರೀಖುಗಳು ಪ್ರತಿ ವರ್ಷ ಒಂದಿಷ್ಟು ಆಚೀಚೆ ಆಗುತ್ತವೆ, ಕ್ರಮ ಬದಲಾಗುವುದಿಲ್ಲ. ಬಾರ್ ಕೌನ್ಸಿಲ್ ನಡೆಸುವ ಪ್ಯೂಪಿಲೇಜ್ ಗೇಟ್‌ವೇ ಎಂಬ ತಾಣದಲ್ಲಿ ನವೆಂಬರ್ ಕೊನೆಗೆ ಜಾಹೀರಾತುಗಳು ತೆರೆದುಕೊಳ್ಳುತ್ತವೆ. ಜನವರಿ ಮೊದಲ ವಾರದಿಂದ ಅರ್ಜಿ ಸಲ್ಲಿಸಬಹುದು. ಕೆಲವೇ ವಾರಗಳಲ್ಲಿ ಬಾಗಿಲು ಮುಚ್ಚುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸಂದರ್ಶನಗಳು. ಮೇ ತಿಂಗಳ ಮೊದಲ ಭಾಗದಲ್ಲಿ ಒಂದೇ ದಿನ ಎಲ್ಲ ಆಫರ್‌ಗಳೂ ಹೊರಬೀಳುತ್ತವೆ. ತರಬೇತಿ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ, ಅದೂ ಹಲವು ಕಡೆ ಮರುವರ್ಷದ್ದು.

ಗೇಟ್‌ವೇ ಮೂಲಕ ಗರಿಷ್ಠ 20 ಅರ್ಜಿ ಹಾಕಬಹುದು. ತಮ್ಮದೇ ಅರ್ಜಿ ನಮೂನೆ ಇಟ್ಟುಕೊಂಡಿರುವ ಚೇಂಬರ್ಸ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವರ ಜಾಹೀರಾತೂ ಗೇಟ್‌ವೇಯಲ್ಲೇ ಬರುತ್ತದೆ, 2020ರಿಂದ ಅವರ ಆಫರ್ ದಿನವೂ ಇದೇ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಇಂಗ್ಲೆಂಡ್, ವೇಲ್ಸ್ ಸೇರಿ ವರ್ಷಕ್ಕೆ ಸಿಗುವ ಪ್ಯೂಪಿಲೇಜ್‌ಗಳು ಕೆಲವು ನೂರು ಮಾತ್ರ, ಅರ್ಜಿದಾರರು ಸಾವಿರಾರು. ಎರಡನೆಯ ಅಥವಾ ಮೂರನೆಯ ಸಲಕ್ಕೆ ಸಿಕ್ಕವರು ಇಲ್ಲಿ ಅಪರೂಪವಲ್ಲ.

ಹಣದ ವಿಷಯದಲ್ಲಿ ಒಂದು ನೆಮ್ಮದಿ: ಸಂಬಳವಿಲ್ಲದ ಪ್ಯೂಪಿಲೇಜ್ ನಿಯಮಕ್ಕೆ ವಿರುದ್ಧ. ಕನಿಷ್ಠ ಮೊತ್ತವನ್ನು ಪ್ರತಿ ಜನವರಿಯಲ್ಲಿ ಪರಿಷ್ಕರಿಸುತ್ತಾರೆ. 2024ರಲ್ಲಿ ಅದು ಲಂಡನ್ನಿನಲ್ಲಿ 23,078 ಪೌಂಡ್, ಹೊರಗೆ 21,060 ಪೌಂಡ್ ಇತ್ತು. ದೊಡ್ಡ ವಾಣಿಜ್ಯ ಚೇಂಬರ್ಸ್‌ಗಳು 75,000 ಪೌಂಡ್ ಮತ್ತು ಅದಕ್ಕೂ ಮೇಲೆ ಕೊಡುತ್ತವೆ. ಕ್ರಿಮಿನಲ್ ಮತ್ತು ಕೌಟುಂಬಿಕ ವ್ಯಾಜ್ಯದವರು ಅದರ ಹತ್ತಿರಕ್ಕೂ ಬರುವುದಿಲ್ಲ.

ಬಾರ್ ಕೋರ್ಸಿಗೆ ಮುನ್ನ ಲಿಂಕನ್ಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್, ಗ್ರೇಸ್ ಇನ್ ಎಂಬ ನಾಲ್ಕು ‘ಇನ್’ಗಳಲ್ಲಿ (ಬ್ಯಾರಿಸ್ಟರ್‌ಗಳ ಹಳೆಯ ವೃತ್ತಿಸಂಘಗಳು) ಒಂದಕ್ಕೆ ಸದಸ್ಯರಾಗಲೇಬೇಕು. ಗಾಂಧೀಜಿ 1891ರಲ್ಲಿ ಬ್ಯಾರಿಸ್ಟರ್ ಆದದ್ದು ಇನ್ನರ್ ಟೆಂಪಲ್ಲಿನಿಂದ, ಅಂಬೇಡ್ಕರರು ಗ್ರೇಸ್ ಇನ್ನಿನಿಂದ. ಯಾವುದಕ್ಕೆ ಸೇರಿದರೂ ಪ್ಯೂಪಿಲೇಜ್ ಆಯ್ಕೆಯಲ್ಲಿ ವ್ಯತ್ಯಾಸವಾಗದು. ವ್ಯತ್ಯಾಸ ಮಾಡುವುದು ಅವು ಕೊಡುವ ವಿದ್ಯಾರ್ಥಿವೇತನ: ಬಾರ್ ಕೋರ್ಸಿನದಕ್ಕೆ ಗಡುವು ಹಿಂದಿನ ವರ್ಷದ ನವೆಂಬರ್ ಮೊದಲ ಶುಕ್ರವಾರದ ಆಸುಪಾಸು. ಒಂದೇ ಇನ್ನಿಗೆ ಅರ್ಜಿ ಹಾಕಲು ಅವಕಾಶ. ಆ ಸಂದರ್ಶನವೇ ಪ್ಯೂಪಿಲೇಜ್ ಸಂದರ್ಶನಕ್ಕೆ ಒಳ್ಳೆಯ ಪೂರ್ವತಯಾರಿ, ಸಿಕ್ಕ ವಿದ್ಯಾರ್ಥಿವೇತನ ಅರ್ಜಿಯಲ್ಲಿ ಎದ್ದು ಕಾಣುವ ಸಾಲು. ಸದಸ್ಯರಾಗುವಾಗ ಹಳೆಯ ಶಿಕ್ಷೆ, ಪರೀಕ್ಷಾ ಅಕ್ರಮ ಇತ್ಯಾದಿಗಳ ಘೋಷಣೆ ಕೇಳುತ್ತಾರೆ. ಏನಿದ್ದರೂ ಪೂರ್ತಿ ಹೇಳಿಬಿಡಿ. ಹೇಳಿದ ತಪ್ಪಿಗೆ ಎಷ್ಟೋ ಸಲ ಪರಿಹಾರವಿರುತ್ತದೆ. ಮುಚ್ಚಿಟ್ಟದ್ದು ಹೊರಬಂದರೆ ಪ್ರಾಮಾಣಿಕತೆಯ ಪ್ರಶ್ನೆಯಾಗಿ ವೃತ್ತಿಯನ್ನೇ ನುಂಗುತ್ತದೆ.

ಅರ್ಜಿಗೆ ಮುಂಚೆ ಕೈಯಲ್ಲಿರಬೇಕಾದದ್ದು

ಮಿನಿ-ಪ್ಯೂಪಿಲೇಜ್ ಎಂದರೆ ಚೇಂಬರ್ಸಿನಲ್ಲಿ ಬ್ಯಾರಿಸ್ಟರ್ ಜೊತೆ ಒಂದೆರಡು ದಿನದಿಂದ ಒಂದು ವಾರದವರೆಗೆ ಓಡಾಡುವ ಅವಕಾಶ. ಎರಡು ಮೂರು ಸಾಕು, ಬೇರೆ ಬೇರೆ ಕ್ಷೇತ್ರದವಾಗಿರಲಿ. ಹತ್ತು ಮಾಡಿದವರಿಗೆ ಮೂರು ಮಾಡಿದವರಿಗಿಂತ ಅಂಕ ಹೆಚ್ಚು ಸಿಗುವುದಿಲ್ಲ. ನೋಡಿದ್ದರಿಂದ ಏನು ಅರ್ಥವಾಯಿತು ಎನ್ನುವುದಕ್ಕೆ ಸಿಗುತ್ತದೆ. ಪ್ರತಿ ಸಂಜೆ ಅರ್ಧ ಪುಟ ಬರೆದಿಡಿ: ಯಾವ ವಾದ ಗೆದ್ದಿತು, ಯಾವುದು ಬಿತ್ತು, ನ್ಯಾಯಾಧೀಶರು ಎಲ್ಲಿ ತಡೆದರು, ವಕೀಲರು ಯಾವ ಮಾತನ್ನು ಆಡದೆ ಬಿಟ್ಟರು. ಕಕ್ಷಿದಾರರ ಹೆಸರು, ಗುಟ್ಟಿನ ವಿವರ ಮಾತ್ರ ಎಲ್ಲೂ ಬರಕೂಡದು. ಸಂದರ್ಶನದಲ್ಲಿ ಅಂಥದ್ದೊಂದು ಬಾಯಿಂದ ಜಾರಿದರೆ ಉಳಿದದ್ದೆಲ್ಲ ವ್ಯರ್ಥ. ನ್ಯಾಯಾಧೀಶರ ಪಕ್ಕ ಕೂತು ನೋಡುವ ಮಾರ್ಷಲಿಂಗ್ ಸಿಕ್ಕರೆ ಬಿಡಬೇಡಿ, ವಾದವು ಆಚೆ ಬದಿಯಿಂದ ಹೇಗೆ ಕೇಳಿಸುತ್ತದೆ ಎಂಬುದು ಅಲ್ಲಿ ಮಾತ್ರ ಗೊತ್ತಾಗುವುದು.

ನಿಜವಾಗಿ ಮಾತಾಡಿದ ಅನುಭವಕ್ಕೆ ತೂಕ ಹೆಚ್ಚು. ಮೂಟ್ (ಅಣಕು ನ್ಯಾಯಾಲಯ) ಸ್ಪರ್ಧೆ, ಚರ್ಚಾ ಸ್ಪರ್ಧೆ ಒಳ್ಳೆಯವೇ. ಆದರೆ ಉಚಿತವಾಗಿ ವಾದಿಸಿಕೊಡುವ ಸಂಸ್ಥೆಯಾದ ಫ್ರೀ ರೆಪ್ರೆಸೆಂಟೇಶನ್ ಯೂನಿಟ್ ಮೂಲಕ ಉದ್ಯೋಗ ಅಥವಾ ಸಾಮಾಜಿಕ ಭದ್ರತೆಯ ಟ್ರಿಬ್ಯೂನಲ್‌ನಲ್ಲಿ ಒಬ್ಬ ಬಡ ಅರ್ಜಿದಾರನ ಪರ ನಿಂತು ಮಾಡಿದ ಒಂದು ಪ್ರಕರಣ ಐದು ಮೂಟ್ ಟ್ರೋಫಿಗಳಿಗೆ ಸಮ ಎಂಬುದು ನಮ್ಮ ಅಭಿಪ್ರಾಯ.

ಕರ್ನಾಟಕದಲ್ಲಿ ಮಾಡಿದ ಕೆಲಸವನ್ನು ಸಂಕೋಚದಿಂದ ಒಂದೇ ಸಾಲಿಗೆ ಇಳಿಸಿಬಿಡುವ ಅಭ್ಯಾಸ ನಮ್ಮವರಲ್ಲಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯ ವಕೀಲರ ಕೈಕೆಳಗೆ ಕಡತ ಹೊತ್ತು ತಿರುಗಿದವರು ಪಾಟೀಸವಾಲನ್ನು ಎದುರೇ ಕಂಡಿದ್ದಾರೆ, ಕನ್ನಡದಲ್ಲಿರುವ ಸಾಕ್ಷ್ಯವನ್ನು ಧಾರವಾಡ ಅಥವಾ ಕಲಬುರಗಿ ಪೀಠದ ಮೇಲ್ಮನವಿಗಾಗಿ ಇಂಗ್ಲಿಷಿಗೆ ತಂದಿದ್ದಾರೆ, ಹೊರಗೆ ಕಾರಿಡಾರಿನಲ್ಲಿ ಕಂಗಾಲಾದ ಕಕ್ಷಿದಾರನಿಗೆ ಮುಂದಿನ ತಾರೀಖು ಎಂದರೇನೆಂದು ತಿಳಿಹೇಳಿದ್ದಾರೆ. ಇವೆಲ್ಲ ಬ್ಯಾರಿಸ್ಟರ್ ಕೆಲಸದ ಅಸಲಿ ಭಾಗಗಳೇ. ಇಂಗ್ಲೆಂಡಿನ ಓದುಗರಿಗೆ ಗುರುತು ಹತ್ತುವಂತೆ ಬಿಡಿಸಿ ಬರೆಯಬೇಕಷ್ಟೆ.

ಚೇಂಬರ್ಸ್ ಆರಿಸುವುದು

ಇಪ್ಪತ್ತೂ ಅರ್ಜಿಗಳನ್ನು ಹೆಸರಾಂತ ವಾಣಿಜ್ಯ ಚೇಂಬರ್ಸ್‌ಗಳ ಮೇಲೆ ಸುರಿಯುವುದು ಆಸೆಯ ಲಕ್ಷಣ, ತೀರ್ಮಾನದ್ದಲ್ಲ. ಮೊದಲು ಕ್ಷೇತ್ರ ನಿಶ್ಚಯಿಸಿ. ಹೆಚ್ಚೆಂದರೆ ಎರಡು, ಒಂದಕ್ಕೊಂದು ಹೊಂದುವಂಥವು. ಆಮೇಲೆ ಜಾಹೀರಾತಿನ ಆಯ್ಕೆ ಮಾನದಂಡವನ್ನು ಅಕ್ಷರಶಃ ಓದಿ. ಅರ್ಜಿಗೆ ಅಂಕ ಬೀಳುವುದು ಆ ಪಟ್ಟಿಯ ಮೇಲೆಯೇ: ಬೌದ್ಧಿಕ ಸಾಮರ್ಥ್ಯ, ವಾದಶಕ್ತಿ, ತೀರ್ಮಾನದ ಹದ, ಒತ್ತಡ ತಾಳುವ ಗುಣ, ಈ ವೃತ್ತಿಯೇ ಬೇಕೆಂಬುದಕ್ಕೆ ಆಧಾರ. ಒಂದು ಹಾಳೆಯ ಎಡಗಡೆ ಮಾನದಂಡ, ಬಲಗಡೆ ನಿಮ್ಮ ಅತಿ ಗಟ್ಟಿಯಾದ ಒಂದು ಸಾಕ್ಷ್ಯ ಬರೆಯಿರಿ. ಬಲಗಡೆ ಎರಡಕ್ಕಿಂತ ಹೆಚ್ಚು ಖಾಲಿ ಉಳಿದರೆ ಆ ಚೇಂಬರ್ಸನ್ನು ಈ ವರ್ಷ ಬಿಡಿ.

ಚೇಂಬರ್ಸಿನ ಬಗ್ಗೆ ತಿಳಿಯಲು ಅವರ ಜಾಲತಾಣದ ಹೊಗಳಿಕೆಯ ಪುಟ ಸಾಲದು. ಈಚೆಗೆ ಸೇರಿದ ಟೆನೆಂಟ್‌ಗಳ ಪರಿಚಯ ಪುಟ ನೋಡಿ, ಏಕೆಂದರೆ ಮೂರು ವರ್ಷದ ನಂತರ ನಿಮ್ಮ ಕೆಲಸ ಹಾಗಿರುತ್ತದೆ. ಅವರು ವಾದಿಸಿದ ಒಂದೆರಡು ತೀರ್ಪುಗಳನ್ನು ನ್ಯಾಷನಲ್ ಆರ್ಕೈವ್ಸ್ ನಡೆಸುವ ಫೈಂಡ್ ಕೇಸ್ ಲಾ ಅಥವಾ ಬೈಲಿ ತಾಣದಲ್ಲಿ ತೆಗೆದು ಪೂರ್ತಿ ಓದಿ. ಎರಡೂ ಉಚಿತ, ಬೆಂಗಳೂರಿನಲ್ಲಿ ಕೂತೇ ಓದಬಹುದು.

ಅರ್ಜಿ ಬರೆಯುವುದು

ಡಿಸೆಂಬರ್ ಪೂರ್ತಿ ಇದಕ್ಕೇ ಮೀಸಲಿಡಿ. ಮೊದಲ ಅರ್ಜಿಗೆ ಒಂದು ವಾರ ಹಿಡಿಯುತ್ತದೆ, ಮುಂದಿನವಕ್ಕೆ ಒಂದೊಂದು ದಿನವಾದರೂ ಬೇಕು. ಶಿಫಾರಸು ಕೊಡುವ ಇಬ್ಬರಿಗೆ ತಿಂಗಳ ಆರಂಭದಲ್ಲೇ ಹೇಳಿ, ನಿಮ್ಮ ಅರ್ಜಿಯ ಪ್ರತಿ ಕಳಿಸಿಕೊಡಿ. ಅಂಕಗಳನ್ನು ಇದ್ದ ಹಾಗೇ ನಮೂದಿಸಿ. ಭಾರತದ ಶೇಕಡಾವಾರನ್ನೋ ಸಿಜಿಪಿಎಯನ್ನೋ ನೀವೇ ಬ್ರಿಟಿಷ್ ದರ್ಜೆಗೆ ಪರಿವರ್ತಿಸಬೇಡಿ. ತರಗತಿಯಲ್ಲಿ ಎಷ್ಟನೆಯವರು ಎಂಬುದು ಗೊತ್ತಿದ್ದರೆ ಅದನ್ನು ಸೇರಿಸಿ. ನಮ್ಮಲ್ಲಿ ಶೇ. 65 ಎಂದರೆ ಏನೆಂದು ಅಲ್ಲಿಯವರಿಗೆ ತಿಳಿಯುವುದು ಹಾಗೆ.

ಪ್ರಶ್ನೆಗಳಿಗೆ ಪದಮಿತಿ ಬಿಗಿಯಾಗಿರುತ್ತದೆ. ನೂರಾರು ಅರ್ಜಿ ಓದುವ ಬ್ಯಾರಿಸ್ಟರ್ ನಿಮ್ಮದಕ್ಕೆ ಕೊಡುವುದು ಕೆಲವೇ ನಿಮಿಷ, ಅದೂ ರಾತ್ರಿ ನಾಳಿನ ಕೇಸಿನ ತಯಾರಿ ಮುಗಿಸಿ. ಹಾಗಾಗಿ ಪ್ರತಿ ಪ್ಯಾರಾದಲ್ಲೂ ವಾದದ ಕಟ್ಟು ಇರಲಿ: ಹೇಳಿಕೆ, ಸಾಕ್ಷ್ಯ, ಅದರಿಂದ ಈ ಕೆಲಸಕ್ಕೇನು.

ತಿರಸ್ಕೃತ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಬಗೆ ಹೀಗೆ: ‘ಚಿಕ್ಕಂದಿನಿಂದಲೂ ನ್ಯಾಯಕ್ಕಾಗಿ ಹೋರಾಡುವ ತುಡಿತ ನನ್ನಲ್ಲಿತ್ತು. ಉತ್ತಮ ಸಂವಹನ ಕೌಶಲ ಹೊಂದಿದ್ದೇನೆ. ಧಾರವಾಡದಲ್ಲಿ ಇಂಟರ್ನ್‌ಶಿಪ್ ಮಾಡಿ ಬಹಳಷ್ಟು ಕಲಿತೆ.’ ಇದರಲ್ಲಿ ಪರೀಕ್ಷಿಸಿ ನೋಡಬಹುದಾದ ಸಂಗತಿ ಒಂದೂ ಇಲ್ಲ. ಅದೇ ಅನುಭವವನ್ನು ಹೀಗೂ ಹೇಳಬಹುದು: ‘ಧಾರವಾಡದಲ್ಲಿ ಆರು ವಾರ ಭೂವ್ಯಾಜ್ಯದ ಮೇಲ್ಮನವಿಗಳಿಗೆ ಸಾಕ್ಷ್ಯ ಭಾಷಾಂತರಿಸಿದೆ. ಒಂದು ಪ್ರಕರಣದಲ್ಲಿ ಸಾಕ್ಷಿ ಬಳಸಿದ್ದ ಒಂದು ಕನ್ನಡ ಪದಕ್ಕೆ ಸ್ವಾಧೀನ, ಒಡೆತನ ಎರಡೂ ಅರ್ಥ ಬರುತ್ತಿತ್ತು. ನಮಗೆ ಅನುಕೂಲವಾದ ಅರ್ಥವನ್ನಷ್ಟೇ ಬರೆಯದೆ ಎರಡನ್ನೂ ಅಡಿಟಿಪ್ಪಣಿಯಲ್ಲಿ ತೋರಿಸಿದೆ. ಕೋರ್ಟಿನ ಮುಂದೆ ಇಡುವ ದಾಖಲೆಯ ನಿಖರತೆ ಕಕ್ಷಿದಾರನ ಅನುಕೂಲಕ್ಕಿಂತ ಮೊದಲು ಎಂಬುದು ನನಗೆ ಆಗ ಮನದಟ್ಟಾಯಿತು.’ ಇಲ್ಲಿ ಕೆಲಸವಿದೆ, ತೀರ್ಮಾನವಿದೆ, ನೀತಿಯಿದೆ. ಸಂದರ್ಶನದಲ್ಲಿ ಪ್ರಶ್ನೆ ಕೇಳಲು ಪ್ಯಾನೆಲ್ಲಿಗೊಂದು ಹಿಡಿಯೂ ಸಿಕ್ಕಿತು. ಬರೆದದ್ದು ನಿಜವಾಗಿ ನಡೆದದ್ದೇ ಆಗಿರಬೇಕು ಎಂದು ಬೇರೆ ಹೇಳಬೇಕಿಲ್ಲ, ಏಕೆಂದರೆ ಮುಂದಿನ ಹತ್ತು ಪ್ರಶ್ನೆ ಆ ಸಾಲಿನ ಮೇಲೆಯೇ ಬರಬಹುದು.

‘ನಮ್ಮ ಚೇಂಬರ್ಸೇ ಏಕೆ?’ ಎಂಬ ಪ್ರಶ್ನೆಗೆ ಬರೆದ ಉತ್ತರದಲ್ಲಿ ಚೇಂಬರ್ಸಿನ ಹೆಸರು ಬದಲಿಸಿ ನೋಡಿ. ಇನ್ನೊಂದಕ್ಕೂ ಹಾಗೇ ಒಪ್ಪಿದರೆ ಅದು ಉತ್ತರವಲ್ಲ. ಹೆಸರು ಬದಲಿಸುವಾಗಲೇ ಇನ್ನೊಂದು ಅನಾಹುತ ಆಗುವುದುಂಟು: ಹಿಂದಿನ ಚೇಂಬರ್ಸಿನ ಹೆಸರು ಒಂದು ಕಡೆ ಉಳಿದುಬಿಡುತ್ತದೆ. ಕಾಗುಣಿತ ತಪ್ಪು, ವಾಕ್ಯದ ಕೊನೆಗೆ ಬಿಟ್ಟುಹೋದ ಪದ, ಇಂಥವಕ್ಕೆ ಇಲ್ಲಿ ಕ್ಷಮೆ ಕಡಿಮೆ. ಬರವಣಿಗೆಯೇ ಬಂಡವಾಳವಾದ ವೃತ್ತಿಯಿದು. ಮುದ್ರಿಸಿ, ಗಟ್ಟಿಯಾಗಿ ಓದಿ, ಇನ್ನೊಬ್ಬರಿಂದ ಓದಿಸಿ. ಕೃತಕ ಬುದ್ಧಿಮತ್ತೆಯ ಸಾಧನದಿಂದ ಬರೆಸಿದ ಉತ್ತರಗಳು ಒಂದೇ ಅಚ್ಚಿನಲ್ಲಿ ಬರುವುದರಿಂದ ಅಭ್ಯಾಸವಾದ ಕಣ್ಣಿಗೆ ಬೇಗ ಸಿಗುತ್ತವೆ. ಅದನ್ನು ನಿಷೇಧಿಸಿರುವ ಚೇಂಬರ್ಸ್‌ಗಳೂ ಇವೆ, ಜಾಹೀರಾತಿನಲ್ಲಿ ನೋಡಿಕೊಳ್ಳಿ. ಕೊನೆಯ ದಿನಕ್ಕೆ ಕಾಯಬೇಡಿ. ಗಡುವು ಲಂಡನ್ ಗಡಿಯಾರದ್ದು, ಗಂಟೆಯವರೆಗೂ ನಿಗದಿಯಾದದ್ದು. ಎರಡು ದಿನ ಮೊದಲೇ ಸಲ್ಲಿಸಿ.

ಮೊದಲ ಸುತ್ತು

ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷ, ಎದುರಿಗೆ ಇಬ್ಬರು ಮೂವರು, ಹಲವು ಕಡೆ ವಿಡಿಯೊ ಮೂಲಕ. ಭಾರತದಿಂದ ಕೂತು ಮಾತಾಡುವವರು ಒಂದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕು. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಫೆಬ್ರುವರಿಯಲ್ಲಿ ಲಂಡನ್ನಿನ ಮಧ್ಯಾಹ್ನ 2 ಗಂಟೆ ನಮಗೆ ಸಂಜೆ 7.30, ಏಪ್ರಿಲಿನಲ್ಲಿ ಅದೇ 2 ಗಂಟೆ ಸಂಜೆ 6.30. ಸಂದರ್ಶನಗಳು ಈ ಎರಡೂ ಕಾಲದಲ್ಲಿ ನಡೆಯುತ್ತವೆ. ಕರೆಂಟ್ ಹೋದರೆ ಇರಲಿ ಎಂದು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿಟ್ಟುಕೊಳ್ಳಿ, ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ.

ಏಕೆ ಬ್ಯಾರಿಸ್ಟರ್, ಏಕೆ ಸಾಲಿಸಿಟರ್ (ಕಕ್ಷಿದಾರರಿಗೆ ಸಲಹೆ ಕೊಟ್ಟು ಪ್ರಕರಣ ಸಿದ್ಧಪಡಿಸುವ ವಕೀಲ) ಅಲ್ಲ, ಏಕೆ ಈ ಕ್ಷೇತ್ರ ಎಂಬ ಮೂರು ಪ್ರಶ್ನೆ ಬಂದೇ ಬರುತ್ತವೆ. ತಲಾ ಒಂದೂವರೆ ನಿಮಿಷದೊಳಗೆ ಮುಗಿಸುವುದನ್ನು ರೂಢಿಸಿಕೊಳ್ಳಿ. ಬಾಯಿಪಾಠ ಮಾತ್ರ ಬೇಡ. ಭಾರತದಿಂದ ಹೋದವರಿಗೆ ನಾಲ್ಕನೆಯದೂ ಇರುತ್ತದೆ: ಇಲ್ಲಿಯೇ ಏಕೆ? ನಮ್ಮಲ್ಲಿ ಒಬ್ಬ ಅಡ್ವೊಕೇಟ್ ಎರಡೂ ಕೆಲಸ ಮಾಡುತ್ತಾರೆ, ಅಲ್ಲಿ ವಾದವೇ ಪ್ರತ್ಯೇಕ ವೃತ್ತಿ. ಈ ವ್ಯತ್ಯಾಸವನ್ನು ಕಣ್ಣಾರೆ ಕಂಡವರಾಗಿ ಹೇಳುವ ಅನುಕೂಲ ನಿಮಗಿದೆ.

ಆಮೇಲೆ ಚರ್ಚೆಯ ವಿಷಯ. ಗಂಭೀರ ಅಪರಾಧಗಳನ್ನು ವಿಚಾರಿಸುವ ಕ್ರೌನ್ ಕೋರ್ಟಿನಲ್ಲಿ 2025ರ ಹೊತ್ತಿಗೆ 75,000ಕ್ಕೂ ಹೆಚ್ಚು ಪ್ರಕರಣ ಬಾಕಿ ಬಿದ್ದಿದ್ದು, ಜ್ಯೂರಿ (ಸಾಮಾನ್ಯ ನಾಗರಿಕರ ತೀರ್ಪುಗಾರ ಮಂಡಳಿ) ವಿಚಾರಣೆಗಳನ್ನು ಕಡಿಮೆ ಮಾಡಬೇಕೇ ಎಂಬ ವಾದ ಬಿಸಿಯಾಗಿದೆ. ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 2025ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಕಟುವಾದ ಎಚ್ಚರಿಕೆ ಕೊಟ್ಟಿತು. ಇಂಥ ಏಳೆಂಟು ವಿಷಯಗಳ ಮೇಲೆ ನಿಲುವು ಗಟ್ಟಿ ಮಾಡಿಕೊಳ್ಳಿ. ಜ್ಯೂರಿಯ ಪ್ರಶ್ನೆ ಬಂದರೆ, ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಕ್ರಿಮಿನಲ್ ವಿಚಾರಣೆಯಿಂದ ಜ್ಯೂರಿ ಮರೆಯಾದದ್ದು ನಿಮ್ಮ ಬತ್ತಳಿಕೆಯಲ್ಲಿರುವ ಒಳ್ಳೆಯ ಬಾಣ. ಉತ್ತರದ ಕಟ್ಟು ಸರಳ: ಮೊದಲ ವಾಕ್ಯದಲ್ಲೇ ನಿಲುವು, ಎರಡು ಕಾರಣ, ಎದುರು ಪಕ್ಷದ ಅತ್ಯಂತ ಬಲವಾದ ವಾದ, ಅದಕ್ಕೆ ಉತ್ತರ. ಪ್ಯಾನೆಲ್ ನಿಮ್ಮನ್ನು ತಳ್ಳಿ ನೋಡುತ್ತದೆ. ತಳ್ಳಿದಾಗಲೆಲ್ಲ ಬಾಗಿದರೆ ಅಂಕ ಹೋಯಿತು, ಒಪ್ಪಲೇಬೇಕಾದ ಮಾತನ್ನು ಒಪ್ಪದೆ ಹಟ ಹಿಡಿದರೂ ಹೋಯಿತು. ‘ಆ ಅಂಶ ಸರಿ; ಆದರೆ ಅದರಿಂದ ನನ್ನ ಎರಡನೆಯ ಕಾರಣ ಮಾತ್ರ ದುರ್ಬಲವಾಗುತ್ತದೆ, ಮೊದಲನೆಯದು ನಿಲ್ಲುತ್ತದೆ’ ಎನ್ನಬಲ್ಲವರನ್ನು ಅವರು ಹುಡುಕುತ್ತಿರುತ್ತಾರೆ.

ವಾದದ ಪರೀಕ್ಷೆ: ಜಾಮೀನು ಅರ್ಜಿ

ಎರಡನೆಯ ಸುತ್ತು ಅರ್ಧ ಗಂಟೆಯಿಂದ ಒಂದು ಗಂಟೆ, ಪ್ಯಾನೆಲ್ ದೊಡ್ಡದು. ವಾಣಿಜ್ಯ ಚೇಂಬರ್ಸ್‌ಗಳಲ್ಲಿ ಒಂದು ಕಾನೂನು ಸಮಸ್ಯೆ ಕೊಟ್ಟು ಅದರ ಮೇಲೆ ಸಂವಾದ, ಇಲ್ಲವೇ ಲಿಖಿತ ಪರೀಕ್ಷೆ. ಅಲ್ಲಿ ಕೇಸುಗಳ ಹೆಸರು ಉದುರಿಸುವುದಕ್ಕಿಂತ ಕರಾರಿನ ಪದಗಳನ್ನು ಎಚ್ಚರದಿಂದ ಓದುವುದೇ ಮುಖ್ಯ. ಸಿವಿಲ್ ಕಡೆ, ಗೈರುಹಾಜರಿಯಲ್ಲಾದ ತೀರ್ಪನ್ನು ರದ್ದು ಮಾಡಿಸುವ ಅರ್ಜಿ ಬರಬಹುದು: ಗೆಲ್ಲುವ ನಿಜವಾದ ಸಾಧ್ಯತೆಯಿರುವ ಪ್ರತಿವಾದ ಅಥವಾ ಬೇರೆ ಸಕಾರಣವಿದೆಯೇ, ಅರ್ಜಿ ತಡಮಾಡದೆ ಬಂದಿದೆಯೇ ಎಂಬುದು ಸಿವಿಲ್ ನಿಯಮ 13.3ರ ಕೇಂದ್ರ. ಕ್ರಿಮಿನಲ್ ಮತ್ತು ಮಿಶ್ರ ಚೇಂಬರ್ಸ್‌ಗಳ ನೆಚ್ಚಿನ ಪರೀಕ್ಷೆ ಜಾಮೀನು ಅರ್ಜಿ. ಅದನ್ನೇ ಬಿಡಿಸಿ ನೋಡೋಣ.

ಇಪ್ಪತ್ತು ನಿಮಿಷ ಮೊದಲು ಎರಡು ಪುಟ ಕೊಡುತ್ತಾರೆ ಎನ್ನಿ. ಆರೋಪಿಗೆ 22 ವರ್ಷ, ಮನೆಗಳ್ಳತನದ ಆರೋಪ. ಎರಡು ವರ್ಷದ ಹಿಂದೆ ಒಮ್ಮೆ ಕೋರ್ಟಿಗೆ ಹಾಜರಾಗದೆ ತಪ್ಪಿಸಿಕೊಂಡಿದ್ದ. ತಾಯಿಯ ಮನೆಯಲ್ಲಿ ಜಾಗವಿದೆ, ಗೋದಾಮಿನಲ್ಲಿ ಕೆಲಸ. ದೂರುದಾರರು ಅದೇ ಬೀದಿಯವರು. ನಿಮಗಿರುವುದು ಐದು ನಿಮಿಷ.

1976ರ ಜಾಮೀನು ಕಾಯ್ದೆ ಜಾಮೀನಿನ ಪರವಾಗಿಯೇ ಹೊರಡುತ್ತದೆ. ನಿರಾಕರಿಸಬೇಕಾದರೆ ಆರೋಪಿ ಹಾಜರಾಗಲಾರ, ಮತ್ತೆ ಅಪರಾಧ ಮಾಡಿಯಾನು, ಸಾಕ್ಷಿಗಳ ಮೇಲೆ ಪ್ರಭಾವ ಬೀರಿಯಾನು ಎಂಬಂಥ ಭಯಕ್ಕೆ ಗಣನೀಯ ಆಧಾರವಿರಬೇಕು. ಆದ್ದರಿಂದ ತಯಾರಿಯ ಮೊದಲ ಐದು ನಿಮಿಷದಲ್ಲಿ ಹಾಳೆಯ ಮೇಲೆ ಮೂರು ಗೆರೆ ಎಳೆದು, ಪ್ರತಿ ಭಯಕ್ಕೂ ಎದುರಾಗಿ ಒಂದು ಸಂಗತಿ, ಒಂದು ಷರತ್ತು ಬರೆಯಿರಿ. ಹಾಜರಾಗದ ಭಯಕ್ಕೆ ತಾಯಿಯ ವಿಳಾಸದಲ್ಲಿ ವಾಸ, ಪೊಲೀಸ್ ಠಾಣೆಗೆ ವಾರಕ್ಕೆ ಇಷ್ಟು ಸಲ ಹಾಜರಿ. ಮತ್ತೆ ಕಳ್ಳತನದ ಭಯಕ್ಕೆ ಕಾಲಿಗೆ ಕಟ್ಟುವ ವಿದ್ಯುನ್ಮಾನ ಪಟ್ಟಿಯೊಂದಿಗೆ ರಾತ್ರಿ ಮನೆಯೊಳಗಿರುವ ನಿರ್ಬಂಧ. ಸಾಕ್ಷಿಗಳ ವಿಷಯಕ್ಕೆ ಸಂಪರ್ಕ ನಿಷೇಧ. ಆಗ ಒಂದು ತೊಡಕು ಕಣ್ಣಿಗೆ ಬೀಳಬೇಕು: ತಾಯಿಯ ಮನೆಯೂ ಅದೇ ಬೀದಿಯಲ್ಲಿದ್ದರೆ? ಕಾಗದದಲ್ಲಿ ಆ ವಿಳಾಸವನ್ನು ಬೇಕೆಂದೇ ಹಾಗಿಟ್ಟಿರಬಹುದು.

ಮಾತು ಶುರು ಮಾಡುವಾಗ ಅತಿ ಕೆಟ್ಟ ಸಂಗತಿಯಿಂದಲೇ ಶುರು ಮಾಡಿ. ಹಿಂದೆ ಹಾಜರಾಗದಿದ್ದದ್ದನ್ನು ಕೊನೆಗಿಟ್ಟರೆ ನ್ಯಾಯಾಧೀಶರ ಪಾತ್ರದಲ್ಲಿರುವವರು ಎರಡನೆಯ ವಾಕ್ಯಕ್ಕೇ ಅದನ್ನೆತ್ತಿ ನಿಮ್ಮ ಕಟ್ಟಡ ಕೆಡವುತ್ತಾರೆ. ಒಪ್ಪಿಕೊಳ್ಳಿ, ಒಂದೇ ಸಲ, ಎರಡು ವರ್ಷದ ಹಿಂದಿನದು, ಆಗ ಅವನಿಗೆ 20 ಎಂದು ಹೇಳಿ ಷರತ್ತಿಗೆ ಬನ್ನಿ. ನಡುವೆ ತಡೆದು ಪ್ರಶ್ನೆ ಕೇಳಿದರೆ ಆ ಕ್ಷಣವೇ ಉತ್ತರಿಸಿ. ‘ಅದಕ್ಕೆ ಆಮೇಲೆ ಬರುತ್ತೇನೆ’ ಎನ್ನುವುದು ಅತಿ ಸಾಮಾನ್ಯ ತಪ್ಪು. ನ್ಯಾಯಾಧೀಶರಿಗೆ ಯಾವುದು ಕೊರೆಯುತ್ತಿದೆಯೋ ಅದೇ ಆ ಗಳಿಗೆಯ ಪ್ರಕರಣ. ಕಾಗದದಲ್ಲಿಲ್ಲದ ಸಂಗತಿ ಹೊಸೆಯಬೇಡಿ. ‘ಆ ಬಗ್ಗೆ ನನಗೆ ಸೂಚನೆಯಿಲ್ಲ, ಕಕ್ಷಿದಾರರನ್ನು ಕೇಳಿ ತಿಳಿಸುತ್ತೇನೆ’ ಎಂಬುದು ಪೂರ್ಣ ಗೌರವದ ಉತ್ತರ. ಐದು ನಿಮಿಷ ಅಂದರೆ ಐದೇ. ನಾಲ್ಕೂವರೆಗೆ ಮುಗಿಸಿ ಕೂತವರನ್ನು ಯಾರೂ ದೂರುವುದಿಲ್ಲ.

ಭಾರತದ ಕೋರ್ಟಿನ ರೂಢಿಗಳು ಇಲ್ಲಿ ಕೈಕೊಡುತ್ತವೆ. ನಮ್ಮಲ್ಲಿ ಜಾಮೀನು ಎಂದ ಕೂಡಲೇ ಬಾಂಡು, ಇಬ್ಬರು ಶ್ಯೂರಿಟಿ. ಅಲ್ಲಿ ಹಾಜರಾತಿಗಾಗಿ ಆರೋಪಿಯಿಂದ ಸ್ವಂತ ಬಾಂಡು ಬರೆಸಿಕೊಳ್ಳುವುದನ್ನು ಕಾಯ್ದೆಯೇ ತೆಗೆದುಹಾಕಿದೆ, ಶ್ಯೂರಿಟಿ ಅಗತ್ಯಬಿದ್ದಾಗ ಮಾತ್ರ. ಎಲ್ಲರಿಗೂ ‘ಮೈ ಲಾರ್ಡ್’ ಎನ್ನುವುದೂ ಸಲ್ಲದು: ಅದು ಹೈಕೋರ್ಟ್ ಮತ್ತು ಮೇಲಿನವರಿಗೆ. ಕ್ರೌನ್ ಕೋರ್ಟಿನ ಸರ್ಕ್ಯೂಟ್ ನ್ಯಾಯಾಧೀಶರು ‘ಯುವರ್ ಆನರ್’, ಡಿಸ್ಟ್ರಿಕ್ಟ್ ನ್ಯಾಯಾಧೀಶರು 2022ರ ಡಿಸೆಂಬರಿನಿಂದ ಬರಿಯ ‘ಜಡ್ಜ್’, ಮ್ಯಾಜಿಸ್ಟ್ರೇಟರು ‘ಸರ್’ ಅಥವಾ ‘ಮೇಡಮ್’. ‘ನನಗನ್ನಿಸುತ್ತದೆ’ ಎಂಬ ಮಾತು ವಾದದಲ್ಲಿ ಬರಬಾರದು, ‘ನಿವೇದಿಸುತ್ತೇನೆ’ ಎಂಬರ್ಥದ ‘ಐ ಸಬ್ಮಿಟ್’ ಬರಬೇಕು. ಉಚ್ಚಾರಣೆಯನ್ನು ಬ್ರಿಟಿಷರಂತೆ ತಿರುಚುವ ಅಗತ್ಯ ಖಂಡಿತ ಇಲ್ಲ. ತಿದ್ದಿಕೊಳ್ಳಬೇಕಾದದ್ದು ವೇಗ. ಮೂರು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ ಪದ ಎಣಿಸಿ. ನಿಮಿಷಕ್ಕೆ 120ರಿಂದ 140ರ ನಡುವೆ ತನ್ನಿ. ಕೇಳುವವರು ಕೈಯಲ್ಲಿ ಬರೆದುಕೊಳ್ಳುತ್ತಿರುತ್ತಾರೆ, ಅವರ ಪೆನ್ನು ನಿಂತ ಮೇಲೆ ಮುಂದಿನ ಮಾತು.

ನೀತಿಯ ಪ್ರಶ್ನೆ

ಇದು ಬರದ ಸಂದರ್ಶನ ಕಡಿಮೆ. ಬೋರ್ಡಿನ ಕೈಪಿಡಿಯಲ್ಲಿ ಹತ್ತು ಮೂಲ ಕರ್ತವ್ಯಗಳಿವೆ. ಕೋರ್ಟಿಗೆ ಸಲ್ಲಬೇಕಾದ ಕರ್ತವ್ಯ ಕಕ್ಷಿದಾರರ ಹಿತಕ್ಕಿಂತ ಮೇಲು, ಕಕ್ಷಿದಾರರ ಗುಟ್ಟನ್ನು ಕಾಯುವುದು ಆರನೆಯದು. ಪ್ರಶ್ನೆಗಳು ಹುಟ್ಟುವುದು ಈ ಎರಡು ಮುಖಾಮುಖಿಯಾದಾಗ. ವಿಚಾರಣೆಯ ನಡುವೆ ಕಕ್ಷಿದಾರ ‘ನಾನೇ ಮಾಡಿದ್ದು’ ಎನ್ನುತ್ತಾನೆ, ಆದರೂ ನಿರಪರಾಧಿ ಎಂದೇ ಹೋರಾಡಬೇಕೆನ್ನುತ್ತಾನೆ. ಏನು ಮಾಡುತ್ತೀರಿ?

ಕೋರ್ಟಿಗೆ ಹೇಳಿಬಿಡುತ್ತೇನೆ ಎಂಬುದೂ ತಪ್ಪು, ಏನೂ ಆಗದವರಂತೆ ಮುಂದುವರಿಯುತ್ತೇನೆ ಎಂಬುದೂ ತಪ್ಪು. ಗುಟ್ಟು ಬಿಡುವಂತಿಲ್ಲ. ಅಪರಾಧ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದೇ, ಆದ್ದರಿಂದ ಅವರ ಸಾಕ್ಷ್ಯ ಸಾಲದು ಎಂದು ಪರೀಕ್ಷಿಸಿ ತೋರಿಸಬಹುದು. ಆದರೆ ಅವನು ಅಲ್ಲಿರಲೇ ಇಲ್ಲ ಎಂದು ಸೂಚಿಸುವಂತಿಲ್ಲ, ಸುಳ್ಳು ನುಡಿಯಲು ಅವನನ್ನು ಕಟಕಟೆಗೆ ಕರೆಯುವಂತಿಲ್ಲ. ಇದನ್ನು ಅವನಿಗೆ ವಿವರಿಸಿ, ಒಪ್ಪದಿದ್ದರೆ ಕಾರಣ ಹೇಳದೆ ಪ್ರಕರಣದಿಂದ ಹೊರಬರಬೇಕು. ಈ ಮೆಟ್ಟಿಲುಗಳನ್ನು ಕ್ರಮವಾಗಿ ಹೇಳಿ, ಹಿರಿಯರನ್ನೋ ಬಾರ್ ಕೌನ್ಸಿಲ್ಲಿನ ನೀತಿ ಸಹಾಯವಾಣಿಯನ್ನೋ ಕೇಳುತ್ತೇನೆ ಎಂದು ಸೇರಿಸಿ. ಆದರೆ ಅದರಿಂದಲೇ ಶುರು ಮಾಡಿದರೆ ನಿಮಗೆ ಸ್ವಂತ ತೀರ್ಮಾನವಿಲ್ಲ ಎಂದಾಗುತ್ತದೆ. ಇದೇ ಜಾತಿಯ ಇನ್ನೊಂದು: ನಿಮ್ಮ ವಾದಕ್ಕೆ ವಿರುದ್ಧವಾದ ಪೂರ್ವನಿರ್ಣಯ ನಿಮಗೆ ಗೊತ್ತು, ಎದುರಾಳಿಗೆ ಗೊತ್ತಿಲ್ಲ. ಕೋರ್ಟಿನ ಗಮನಕ್ಕೆ ನೀವೇ ತರಬೇಕು, ಆಮೇಲೆ ಅದು ಏಕೆ ಅನ್ವಯಿಸದು ಎಂದು ವಾದಿಸಬೇಕು.

ಆಫರ್ ದಿನ ಮತ್ತು ಆಮೇಲೆ

ಆಫರ್ ಬಂದರೆ ಉತ್ತರಿಸಲು ಕೆಲವೇ ದಿನ ಸಿಗುತ್ತವೆ. ಕಾಯ್ದಿರಿಸಿದ ಪಟ್ಟಿಯಲ್ಲಿದ್ದೀರಿ ಎಂದರೆ ಬೇಸರ ಬೇಡ. ಒಬ್ಬರಿಗೇ ಎರಡು ಮೂರು ಆಫರ್ ಬಂದು ಅವರು ಬಿಟ್ಟ ಜಾಗ ಕೆಳಗಿಳಿಯುವುದು ಆ ದಿನಗಳಲ್ಲೇ, ಹಾಗಾಗಿ ಫೋನ್ ಕೈಯಲ್ಲೇ ಇರಲಿ. ಏನೂ ಸಿಗದಿದ್ದರೆ ಸಂದರ್ಶನ ನಡೆಸಿದ ಕಡೆಗಳಿಗೆಲ್ಲ ಬರೆದು ಅಭಿಪ್ರಾಯ ಕೇಳಿ. ಅರ್ಜಿ ಹಂತದಲ್ಲೇ ಎಲ್ಲೆಡೆ ಬಿದ್ದಿದ್ದರೆ ತೊಂದರೆ ಬರವಣಿಗೆಯಲ್ಲಿ ಅಥವಾ ಚೇಂಬರ್ಸಿನ ಆಯ್ಕೆಯಲ್ಲಿದೆ. ಮೊದಲ ಸುತ್ತು ದಾಟಿ ಎರಡನೆಯದರಲ್ಲಿ ಬಿದ್ದಿದ್ದರೆ ಮಾತಿನ ಅಭ್ಯಾಸದಲ್ಲಿ. ಮುಂದಿನ ವರ್ಷದ ತಯಾರಿ ಅದಕ್ಕೆ ತಕ್ಕಂತಿರಲಿ. ನಡುವಿನ ವರ್ಷ ಪ್ಯಾರಾಲೀಗಲ್ (ವಕೀಲರ ಸಹಾಯಕ) ಆಗಿಯೋ ಲಾ ಕಮಿಷನ್ನಿನಲ್ಲಿ ಸಂಶೋಧನಾ ಸಹಾಯಕರಾಗಿಯೋ ಮೇಲ್ಮನವಿ ನ್ಯಾಯಾಧೀಶರ ಸಹಾಯಕರಾಗಿಯೋ ದುಡಿದವರ ಅರ್ಜಿ ಎರಡನೆಯ ಸಲಕ್ಕೆ ಎಷ್ಟೋ ಪಾಲು ಬಲವಾಗಿರುತ್ತದೆ.

ಒಪ್ಪಿಕೊಂಡ ಮೇಲೆ ಲಿಖಿತ ಒಪ್ಪಂದ ಕೈಗೆ ಬರಬೇಕು, 2020ರಿಂದ ಅದು ಕಡ್ಡಾಯ. ಸಹಿಗೆ ಮುನ್ನ ನೋಡಬೇಕಾದದ್ದು: ಮೊತ್ತ ತಿಂಗಳು ತಿಂಗಳು ಬರುತ್ತದೆಯೇ, ಎರಡನೆಯ ಆರು ತಿಂಗಳಲ್ಲಿ ಅದು ಪೂರ್ತಿ ಕೊಡುಗೆಯೋ ನಿಮ್ಮ ದುಡಿಮೆ ಸೇರಿದ ಖಾತರಿ ಮೊತ್ತವೋ, ಬಾರ್ ಕೋರ್ಸಿನ ವರ್ಷಕ್ಕೆ ಒಂದಿಷ್ಟು ಮುಂಗಡ ತೆಗೆಯಬಹುದೇ, ದೂರದ ಕೋರ್ಟುಗಳ ಪ್ರಯಾಣ ವೆಚ್ಚ ಹೇಗೆ, ರಜೆ ಎಷ್ಟು. ತರಬೇತಿಗೆ ಹಾಜರಾಗುವ ಮೊದಲು ಪ್ಯೂಪಿಲೇಜನ್ನು ಬೋರ್ಡಿನಲ್ಲಿ ನೋಂದಾಯಿಸಿರಬೇಕು. ಅದನ್ನು ಚೇಂಬರ್ಸ್ ಮಾಡಿಸುತ್ತದೆಯೇ, ನಿಮ್ಮಿಂದ ಯಾವ ಕಾಗದ ಬೇಕು ಎಂದು ಬೇಸಿಗೆಯಲ್ಲೇ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ.